ಸಾಕ್ಷಿ ಗಾಜು

ಗೋಡೆ ತೆಗೆಯುವ ಮಾತು ಬಂದ ದಿನ ಮೇಸ್ತ್ರಿ ಅರ್ಧ ಗಂಟೆ ಮನೆ ಸುತ್ತಿದರು. ಮುಂದಿನ ಕೋಣೆಗೂ ನಡುವಿನ ಕೋಣೆಗೂ ಮಧ್ಯೆ ಇದ್ದ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಆ ತುದಿಯಿಂದ ಈ ತುದಿಗೆ ನಡೆದರು. ಮಹಡಿ ಹತ್ತಿ, ಮೇಲಿನ ಕೋಣೆಯ ಗೋಡೆ ಇದರ ತಲೆಯ ಮೇಲೇ ಕೂತಿದೆಯೇ ಎಂದು ಹೆಜ್ಜೆ ಅಳೆದು ನೋಡಿ, ಮಂಡಿ ಹಿಡಿದುಕೊಂಡು ಇಳಿದು ಬಂದರು.

“ಆಗತ್ತೋ ಆಗಲ್ವೋ ಹೇಳಿ ಮೇಸ್ತ್ರಿ,” ಅಂದಳು ಚಿಕ್ಕಮ್ಮ.

“ಆಗತ್ತೆ. ಆಗ್ಬೇಕಾದ ಹಾಗೆ ಆದ್ರೆ.”

“ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ಬೇಡಿ.”

“ಅಡ್ಡಗೋಡೆನೇ ತೆಗಿ ಅಂತೀರಲ್ಲ ಅಕ್ಕಾರೆ, ದೀಪ ಎಲ್ಲಿಡ್ಲಿ?”

ಚಿಕ್ಕಮ್ಮ ನಕ್ಕಳು. ಮೇಸ್ತ್ರಿ ನಗಿಸಿದರೆಂದರೆ ಒಪ್ಪಿಕೊಂಡ ಹಾಗೆ.

ಚಿಕ್ಕಮ್ಮ ಹಳೆಯ ಮನೆಗಳನ್ನು ಕೊಂಡು, ರಿಪೇರಿ ಮಾಡಿಸಿ, ಬಾಡಿಗೆಗೆ ಕೊಡುತ್ತಾಳೆ, ಇಲ್ಲವೇ ಮಾರುತ್ತಾಳೆ. ಇದು ಅವಳ ಐದನೆಯ ಮನೆ. ಐದಕ್ಕೂ ಇದೇ ಮೇಸ್ತ್ರಿ, ಅವರ ಜೊತೆಗೆ ಅವರ ಅಳಿಯ. ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟು ಚಿಕ್ಕಮ್ಮನ ಹತ್ತಿರ ಬಂದಾಗ ಮೂರನೆಯ ಮನೆಯ ಕೆಲಸ ನಡೆಯುತ್ತಿತ್ತು. ಆಗಿನಿಂದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಬೀಗ ತೆಗೆಯುವುದು, ಹಿಂದಿನ ದಿನದ ಧೂಳು ಗುಡಿಸುವುದು, ಡ್ರಮ್ಮಿಗೆ ನೀರು ತುಂಬಿಸುವುದು, ಹಳೆಯ ಬಣ್ಣ ಕೆರೆಯುವುದು ನನ್ನ ಕೆಲಸ. ಹೆಜ್ಜೆ ಸದ್ದಾಗದ ಹಾಗೆ ಓಡಾಡುತ್ತೇನೆಂದು ಮೇಸ್ತ್ರಿ ನನ್ನನ್ನು ಬೆಕ್ಕು ಎಂದು ಕರೆಯುತ್ತಿದ್ದರು. “ಬೆಕ್ಕು ಹಿಂದೆ ನಿಂತಿದೆ, ಬಾಯಿ ಸಡಿಲ ಬಿಡ್ಬೇಡ ಅಳಿಯಾ,” ಎಂದು ತಿರುಗದೆಯೇ ಹೇಳುತ್ತಿದ್ದರು.

ಈ ಮನೆಯನ್ನು ಕೊಳ್ಳಲು ಬಂದವರು ಒಬ್ಬ ಟೇಲರ್. ಅವರದು ಹತ್ತು ಅಡಿ ಉದ್ದದ ಬಟ್ಟೆ ಕತ್ತರಿಸುವ ಮೇಜು. ಅದು ಹಿಡಿಸುವ ಕೋಣೆ ಬೇಕು, ಎರಡು ಕೋಣೆ ಒಂದಾದರೆ ಮಾತ್ರ ಕೊಳ್ಳುತ್ತೇನೆ ಎಂದಿದ್ದರು. ಮಹಡಿಯ ಕೋಣೆ ಅವರ ಇಬ್ಬರು ಹೆಣ್ಣುಮಕ್ಕಳಿಗೆ. ಮೊದಲ ದಿನವೇ ಕಿಸೆಯಿಂದ ಟೇಪು ತೆಗೆದು ಮೇಲಿನ ಕಿಟಕಿಯ ಅಳತೆ ಹಿಡಿದರು. “ಪರದೆ ನಾನೇ ಹೊಲಿಯೋದು. ಮಕ್ಕಳು ಬಣ್ಣಕ್ಕೆ ಜಗಳ ಆಡ್ತಿದ್ದಾವೆ, ತೀರ್ಮಾನ ಆದ ಮೇಲೆ ಹೊಲಿತೀನಿ,” ಅಂದರು. ಅವರ ಬಾಡಿಗೆ ಮನೆಯ ಗಡುವು ಹತ್ತಿರ ಬಂದಿತ್ತು. ಹಾಗಾಗಿ ಚಿಕ್ಕಮ್ಮನಿಗೆ ಅವಸರ, ಚಿಕ್ಕಮ್ಮನಿಂದ ಮೇಸ್ತ್ರಿಗೂ ಅವಸರ.

ಗೋಡೆ ಇಳಿಸಿದ್ದು ಮೂರು ದಿನದಲ್ಲಿ. ಮೊದಲು ಎರಡೂ ಕಡೆ ಜಾಕಿ ನಿಲ್ಲಿಸಿದರು. ಜಾಕಿಯೆಂದರೆ ಮೇಲಿನ ಭಾರ ಹೊರಲು ನಿಲ್ಲಿಸುವ ಕಬ್ಬಿಣದ ಕಂಬ, ಅದರ ತಿರುಪು ತಿರುಗಿಸಿದರೆ ಒಂದೊಂದೇ ಎಳೆ ಮೇಲೇರುತ್ತದೆ, ಇಳಿಯುತ್ತದೆ. ಆಮೇಲೆ ಇಟ್ಟಿಗೆ ಬಿಚ್ಚಿ, ಅದರ ಜಾಗಕ್ಕೆ ಮೇಲೊಂದು ಕಬ್ಬಿಣದ ತೊಲೆ ಏರಿಸಿ, ಅದರ ಎರಡು ತುದಿಯನ್ನು ಎರಡು ಪಕ್ಕದ ಗೋಡೆಗಳ ಮೇಲೆ ಕೂರಿಸಿದರು. ತೊಲೆಯ ಕೆಳಗೆ ನಾಲ್ಕು ಜಾಕಿ ಹಾಗೇ ಉಳಿದವು.

ಕಿಟಕಿ ಕಡೆಯ ಗೋಡೆಯಲ್ಲಿ, ತೊಲೆ ಕೂತ ಜಾಗದ ಕೆಳಗೆ, ಕೂದಲೆಳೆಯಷ್ಟು ಬಿರುಕು ಮೊದಲಿನಿಂದಲೂ ಇತ್ತು. ಮೇಸ್ತ್ರಿ ಅದರ ಮುಂದೆ ಕೂತು ಬಹಳ ಹೊತ್ತು ನೋಡಿದರು. “ಬೆಕ್ಕೇ, ಒಂದು ಮಗ್ಗು ನೀರು ತಾ,” ಅಂದರು. ನಾನು ನೀರು ತರುವಷ್ಟರಲ್ಲಿ ತಮ್ಮ ಬಿಸ್ಕತ್ತಿನ ಡಬ್ಬಿಯಿಂದ ಒಂದು ಗಾಜಿನ ಪಟ್ಟಿ ತೆಗೆದಿಟ್ಟುಕೊಂಡಿದ್ದರು. ಹಳೆಯ ಕಿಟಕಿ ಗಾಜನ್ನು ಬೆರಳಗಲಕ್ಕೆ ಕೊಯ್ದ ಪಟ್ಟಿಗಳು ಆ ಡಬ್ಬಿಯಲ್ಲಿ ಯಾವಾಗಲೂ ಇರುತ್ತಿದ್ದವು. ಬಿರುಕಿಗೆ ಅಡ್ಡವಾಗಿ ಗಾಜನ್ನಿಟ್ಟು, ಎರಡು ತುದಿಗೂ ಬೇಗ ಗಟ್ಟಿಯಾಗುವ ಬಿಳಿ ಪುಡಿ, ಪಿಒಪಿ, ಕಲಸಿ ಮೆತ್ತಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಕು ಬರೆದರು.

“ಇದು ಸಾಕ್ಷಿ. ಗೋಡೆ ಒಂದು ಎಳೆ ಅಲ್ಲಾಡಿದ್ರೂ ಪಟ್ ಅಂತ ಒಡೆಯತ್ತೆ. ವಾರಕ್ಕೊಂದು ಸಲ ಜಾಕಿ ಒಂದೊಂದು ಸುತ್ತು ಸಡಿಲ ಮಾಡ್ತೀನಿ, ಭಾರ ತೊಲೆಗೆ ಅಭ್ಯಾಸ ಆಗ್ಲಿ. ಇಪ್ಪತ್ತೊಂದು ದಿನ ಗಾಜು ಉಳಿದ್ರೆ ಜಾಕಿ ಪೂರ್ತಿ ತೆಗೀತೀನಿ. ಮೊದ್ಲು ಬರೋಳು ನೀನು, ದಿನಾ ನೋಡೋದು ನಿನ್ನ ಕೆಲಸ.”

“ನಾನಾ?”

“ಮತ್ಯಾರು? ಅಳಿಯಂದಿರು ಕಣ್ಣು ಬಿಡೋ ಹೊತ್ತಿಗೆ ಗೋಡೆ ಬಿದ್ದು ಹುಲ್ಲು ಹುಟ್ಟಿರತ್ತೆ.”

“ಮಾವ, ನಾನು ಇಲ್ಲೇ ಇದ್ದೀನಿ,” ಅಂದ ಅಳಿಯ, ಗಾರೆ ಕಲಸುತ್ತ.

“ಇದ್ದೀಯ ಅಂತಾನೇ ಹೇಳಿದ್ದು.”

ಆಮೇಲೆ ಮಂಡಿ ಉಜ್ಜಿಕೊಳ್ಳುತ್ತ ನನಗೊಬ್ಬಳಿಗೇ ಕೇಳಿಸುವಂತೆ ಹೇಳಿದರು: “ನಮ್ಮಣ್ಣನ ಕಾಲದಲ್ಲಿ ಗಾಜು ಇಡ್ತಿರ್ಲಿಲ್ಲ. ಕಣ್ಣಲ್ಲೇ ನೋಡ್ತಿದ್ವಿ. ಒಂದಿನ ಗೋಡೆ ಮೈಮೇಲೆ ಬಿತ್ತು. ನನ್ನ ಮಂಡಿ ಹೋಯ್ತು. ಅವನೇ ಹೋದ.”

ಅಷ್ಟೇ ಹೇಳಿ ಎದ್ದರು. ನನಗೆ ಅಲ್ಲಿಯ ತನಕ ಯಾರೂ ಅಂಥ ಕೆಲಸ ಕೊಟ್ಟಿರಲಿಲ್ಲ. ಗುಡಿಸುವುದನ್ನು ಬಿಟ್ಟರೂ ಯಾರಾದರೂ ಗುಡಿಸುತ್ತಾರೆ. ನೋಡುವುದನ್ನು ಬಿಟ್ಟರೆ ಅಳಿಯ, ಮೇಸ್ತ್ರಿ ಇಬ್ಬರೂ ಆ ತೊಲೆಯ ಕೆಳಗೇ ನಿಲ್ಲುವವರು.

ಎಂಟು ದಿನ ನೋಡಿದೆ. ಬೀಗ ತೆಗೆದು, ಚಪ್ಪಲಿ ಬಿಟ್ಟು, ದೀಪ ಹಾಕುವ ಮೊದಲೇ ಗಾಜಿನ ಹತ್ತಿರ ಹೋಗುತ್ತಿದ್ದೆ. ಅದು ಕಿಟಕಿಯ ಬೆಳಕಿಗೆ ತೆಳ್ಳಗೆ ಹೊಳೆಯುತ್ತಿತ್ತು. ಮೇಸ್ತ್ರಿ ಬಂದು ಒಡೆದಿದೆಯಾ ಎಂಬಂತೆ ಹುಬ್ಬು ಏರಿಸುತ್ತಿದ್ದರು, ನಾನು ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದೆ. ನಮ್ಮಿಬ್ಬರ ಮಾತು ಅಷ್ಟರಲ್ಲೇ ಮುಗಿಯುತ್ತಿತ್ತು.

ಎಂಟನೆಯ ದಿನ ಮಧ್ಯಾಹ್ನ ಮೇಸ್ತ್ರಿ ಜಾಕಿಗಳನ್ನು ಒಂದು ಸುತ್ತು ಸಡಿಲಿಸಿದರು. ಸಂಜೆ ಅವರೆಲ್ಲ ಹೋದ ಮೇಲೆ ನಾನು ಅದೇ ಗೋಡೆಯ ಕಿಟಕಿಯ ಚೌಕಟ್ಟು ಕೆರೆಯಲು ಏಣಿ ಒರಗಿಸಿ ನಿಂತಿದ್ದೆ. ಇಳಿದು, ಏಣಿ ಮೂಲೆಗಿಟ್ಟು, ಬೀಗ ಹಾಕಿಕೊಂಡು ಮನೆಗೆ ಹೋದೆ.

ಒಂಬತ್ತನೆಯ ದಿನ ಬೆಳಿಗ್ಗೆ ಗಾಜಿನ ನಡುವೆ ಒಂದು ಗೆರೆ ಇತ್ತು.

ಮೊದಲು ಅದನ್ನು ಬೆಳಕಿನ ಗೆರೆ ಎಂದುಕೊಂಡೆ. ತಲೆ ಸರಿಸಿ ನೋಡಿದೆ, ಗೆರೆ ಸರಿಯಲಿಲ್ಲ. ಉಗುರು ಆಡಿಸಿದಾಗ ತಾಗಿತು. ನನ್ನ ತಲೆಗೆ ಮೊದಲು ಬಂದದ್ದು ಗೋಡೆಯಲ್ಲ, ಏಣಿ. ಏಣಿಯ ಕಾಲು ತಾಗಿರಬೇಕು. ತಾಗಿದ್ದು ನೆನಪಿಲ್ಲ, ಸದ್ದು ಕೇಳಿದ ನೆನಪೂ ಇಲ್ಲ. ಆದರೂ ತಾಗಿರಲೇಬೇಕು ಅನ್ನಿಸಿತು. ಕುಂಬಳಕಾಯಿ ಕಳ್ಳ ಅಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕದಿಯದೆಯೂ ಮುಟ್ಟಿಕೊಳ್ಳುವವಳು.

ಅದಕ್ಕೊಂದು ಕಾರಣವೂ ಇತ್ತು. ಹಿಂದಿನ ಮನೆಯಲ್ಲಿ ಹೊಸ ಕೈತೊಳೆಯುವ ಬೇಸಿನ್ನನ್ನು ಒಳಗೆ ಒಯ್ಯುವಾಗ ಬಾಗಿಲಿಗೆ ತಗಲಿಸಿ ಎರಡು ಹೋಳು ಮಾಡಿದ್ದೆ. ಚಿಕ್ಕಮ್ಮ ಎಲ್ಲರ ಮುಂದೆ ಕೈಮುಗಿದು, “ತಾಯೀ, ಇನ್ನೊಂದು ಒಡೆದ್ರೆ ನಿಮ್ಮಪ್ಪನ ಮನೆ ಬಸ್ಸಿಗೆ ನಾನೇ ಟಿಕೆಟ್ ತೆಗೆಸಿ ಕೂರಿಸ್ತೀನಿ,” ಅಂದಿದ್ದಳು. ಎಲ್ಲರೂ ನಕ್ಕಿದ್ದರು. ಅವಳು ತಮಾಷೆಗೆ ಅಂದಿದ್ದಳೋ ಏನೋ. ಅಪ್ಪನ ಮನೆಯಲ್ಲಿ ನನಗೆ ಚಾಪೆ ಹಾಸುವ ಜಾಗವಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಡಬ್ಬಿ ಕಿಟಕಿಯ ಮೇಲೇ ಇತ್ತು. ಒಡೆದ ಗಾಜನ್ನು ಕಿತ್ತೆ, ಅದರ ಹಿಂದಿನ ಪಿಒಪಿ ಇಟ್ಟಿಗೆಯ ಚೂರುಗಳನ್ನು ಕಚ್ಚಿಕೊಂಡೇ ಬಂತು. ಮೊದಲಿನ ಜಾಗ ಗುಳಿಯಾಯಿತೆಂದು ಎರಡು ಬೆರಳು ಮೇಲೆ, ಎಣ್ಣೆ ಬಣ್ಣ ನುಣ್ಣಗಿದ್ದ ಕಡೆ, ಹೊಸ ಪಟ್ಟಿ ಇಟ್ಟು ಪಿಒಪಿ ಮೆತ್ತಿದೆ. ಗುಳಿಗೂ ಅಷ್ಟು ಮೆತ್ತಿ ಸಮ ಮಾಡಿದೆ. ಹಳೆಯ ತಾರೀಕನ್ನು ಅಳಿಸಿ, ಅದನ್ನೇ ಹೊಸ ಪಟ್ಟಿಯ ಪಕ್ಕ ಮೇಸ್ತ್ರಿಯ ಕೈಬರಹದಲ್ಲೇ ಬರೆದೆ. ಅವರು ಏಳನ್ನು ಬರೆಯುವಾಗ ಕೊನೆಗೆ ಸಣ್ಣ ಬಾಲ ಎಳೆಯುತ್ತಾರೆ, ಅದನ್ನೂ ಎಳೆದೆ. ಒಡೆದ ಚೂರುಗಳನ್ನು ಕಾಗದದಲ್ಲಿ ಸುತ್ತಿ ಕಸದ ಚೀಲದ ತಳಕ್ಕೆ ಹಾಕಿದೆ. ಮೇಸ್ತ್ರಿ ಬರುವ ಹೊತ್ತಿಗೆ ಒಣಗಿತ್ತು.

ಅವರು ಹುಬ್ಬು ಏರಿಸಿದರು. ನಾನು ತಲೆ ಅಲ್ಲಾಡಿಸಿದೆ.

ಅದಾದ ಮೇಲಿನ ದಿನಗಳಲ್ಲಿ ನಾನು ನೋಡಿದ್ದನ್ನೆಲ್ಲ ಬೇರೆ ಬೇರೆಯಾಗಿ ನೋಡಿದೆ, ಒಟ್ಟಿಗೆ ನೋಡಲಿಲ್ಲ. ಬೆಳಿಗ್ಗೆ ಗುಡಿಸುವಾಗ ಆ ಗೋಡೆಯ ಬುಡದಲ್ಲಿ ಸಣ್ಣ ಮರಳು, ಇರುವೆ ಸಾಲಿನ ಹಾಗೆ, ಒಂದು ಗೇಣು ಉದ್ದ. ದಿನಾ ಗುಡಿಸಿ ತೆಗೆಯುತ್ತಿದ್ದೆ. ಮಾರನೆಯ ದಿನ ಮತ್ತೆ ಇರುತ್ತಿತ್ತು. ಹಳೆಯ ಮನೆ, ಉದುರುತ್ತದೆ ಅಂದುಕೊಂಡೆ. ಮೇಲಿನ ಕೋಣೆಗೆ ಬಣ್ಣ ಬಳಿದು ಒಣಗಲು ಬಿಟ್ಟಿದ್ದರು, ಕಿಟಕಿ ತೆಗೆಯಲು ದಿನಕ್ಕೊಮ್ಮೆ ನಾನೊಬ್ಬಳೇ ಹೋಗುತ್ತಿದ್ದೆ. ಅದರ ಬಾಗಿಲು ಮೊದಲು ಒಂದು ಬೆರಳಿಗೆ ತೆರೆಯುತ್ತಿತ್ತು. ಹನ್ನೆರಡನೆಯ ದಿನ ಅಂಗೈ ಬೇಕಾಯಿತು. ಮೇಸ್ತ್ರಿ ಎರಡನೆಯ ಸಲ ಜಾಕಿ ಸಡಿಲಿಸಿದ ಮೇಲೆ, ಹದಿನಾರನೆಯ ದಿನ, ಭುಜ ಕೊಟ್ಟು ತಳ್ಳಿದೆ. ಹೊಸ ಬಣ್ಣಕ್ಕೆ ಅಂಟಿರಬೇಕು ಅಂದುಕೊಂಡೆ.

ಗಾಜು ಮಾತ್ರ ಗಟ್ಟಿಯಾಗಿತ್ತು. ಅದನ್ನು ನೋಡಿದಾಗೆಲ್ಲ ಎದೆ ಹಗುರಾಗುತ್ತಿತ್ತು. ನೋಡು, ಗೋಡೆಗೆ ಏನೂ ಆಗಿಲ್ಲ, ಅವತ್ತು ಏಣಿಯೇ ಇರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಇಪ್ಪತ್ತೊಂದನೆಯ ದಿನ ಟೇಲರ್ ಬೆಳಿಗ್ಗೆಯೇ ಬಂದರು. ತಮ್ಮ ಮೇಜನ್ನು ಗಾಡಿಯಲ್ಲಿ ಹೇರಿಸಿಕೊಂಡೇ ಬಂದಿದ್ದರು. ಅದನ್ನು ಅಂಗಳದಲ್ಲಿ ಇಳಿಸಿ, ಮೇಲೆ ಟಾರ್ಪಾಲು ಹೊದಿಸಿ, ಕೈಯಲ್ಲೊಂದು ಬಟ್ಟೆ ಚೀಲ ಹಿಡಿದು ಒಳಗೆ ಬಂದರು. ಚೀಲದಲ್ಲಿ ಪರದೆಗಳಿದ್ದವು. ಒಂದು ಹಸಿರು, ಒಂದು ಹಳದಿ.

“ಎರಡು ಬಣ್ಣ ಯಾಕೆ?” ಅಂದಳು ಚಿಕ್ಕಮ್ಮ.

“ತೀರ್ಮಾನ ಆಗ್ಲಿಲ್ಲ ನೋಡಿ. ಒಂದು ಕಿಟಕಿ, ಎರಡು ರೆಕ್ಕೆ, ಒಬ್ಬೊಬ್ಬಳಿಗೆ ಒಂದೊಂದು.”

“ನ್ಯಾಯಾಧೀಶರು ನೀವು.”

“ಮನೇಲಿ ಅಲ್ಲ, ಗುಮಾಸ್ತ.”

ಚಿಕ್ಕಮ್ಮ ಚಹಾ ತರಿಸಿದಳು. ಮೇಸ್ತ್ರಿ ಲೋಟ ಹಿಡಿದುಕೊಂಡೇ ಅಡುಗೆಮನೆಗೆ ಹೋದರು. ಅಲ್ಲಿ ಹಳೆಯ ಸಿಂಕು ಕಿತ್ತ ಕಡೆ ಒಂದು ಸಣ್ಣ ಬಿರುಕು ಕಂಡಿತ್ತು, ಅದಕ್ಕೂ ಒಂದು ಗಾಜು ಇಡು ಎಂದು ಅಳಿಯನಿಗೆ ಹೇಳಿದ್ದರು. ನಾನು ಬಕೆಟ್ಟು ತೊಳೆಯುತ್ತ ಬಾಗಿಲಲ್ಲಿದ್ದೆ.

“ಏನೋ ಇದು? ಬಣ್ಣದ ಮೇಲೇ ಮೆತ್ತಿದ್ದೀಯ?”

“ಗಟ್ಟಿ ಕೂತಿದೆ ಮಾವ.”

“ಕೂತಿರತ್ತೆ ಕಣಯ್ಯಾ, ಗೋಡೆ ಹೋದ್ರೂ ಕೂತಿರತ್ತೆ. ಬಣ್ಣ ಸಿಪ್ಪೆ ಇದ್ದ ಹಾಗೆ. ಒಳಗೆ ಇಟ್ಟಿಗೆ ಸರಿದ್ರೆ ಸಿಪ್ಪೆ ಜಾರಿಕೊಳ್ಳತ್ತೆ, ಗಾಜಿಗೆ ಗೊತ್ತೇ ಆಗಲ್ಲ. ಇಟ್ಟಿಗೆ ಕಾಣೋ ತನಕ ಕೆರಿ. ಇಟ್ಟಿಗೆಗೆ ಕಚ್ಚಿಸು. ಹತ್ತು ವರ್ಷದಿಂದ ಹೇಳ್ತಿದ್ದೀನಿ.”

“ಆರು ವರ್ಷ ಆಯ್ತು ಮಾವ, ಮದುವೆಯಾಗಿ.”

“ನಂಗೆ ಹತ್ತಾದ ಹಾಗಾಗಿದೆ.”

ನನ್ನ ಕೈಯಲ್ಲಿದ್ದ ಬಕೆಟ್ಟಿನಿಂದ ನೀರು ಕಾಲ ಮೇಲೆ ಸುರಿಯುತ್ತಿತ್ತು. ಒಡೆದ ಗಾಜಿನ ಹಿಂದೆ ಕಚ್ಚಿಕೊಂಡು ಬಂದ ಇಟ್ಟಿಗೆಯ ಚೂರುಗಳು ನೆನಪಾದವು. ನಾನು ನೀರು ತರಲು ಹೋದಾಗ ಅವರು ಇಟ್ಟಿಗೆಯ ತನಕ ಕೆರೆದಿರಬೇಕು. ಅದನ್ನು ನಾನು ನೋಡಿರಲಿಲ್ಲ. ಬುಡದ ಮರಳು, ಮೇಲಿನ ಬಾಗಿಲು, ಜಾಕಿ ಸಡಿಲಿಸಿದ ಮಾರನೆಯ ದಿನವೇ ಬಂದ ಗೆರೆ, ಬೇರೆ ಬೇರೆಯಾಗಿದ್ದವೆಲ್ಲ ಒಂದೇ ಸಲ ಒಂದರ ಪಕ್ಕ ಒಂದು ಬಂದು ನಿಂತವು. ಹನ್ನೆರಡು ದಿನದಿಂದ ನಾನು ಕಾಯುತ್ತಿದ್ದದ್ದು ಸಾಕ್ಷಿಯನ್ನಲ್ಲ. ನಿಜವಾದ ಸಾಕ್ಷಿ ಹೇಳಬೇಕಾದದ್ದನ್ನು ಹೇಳಿ ಕಸದ ಚೀಲಕ್ಕೆ ಹೋಗಿತ್ತು. ಉಳಿದದ್ದನ್ನು ನಾನೇ ದಿನಾ ಗುಡಿಸಿ ಹೊರಗೆ ಹಾಕಿದ್ದೆ.

ನಾನು ಮುಂದಿನ ಕೋಣೆಗೆ ಬರುವ ಹೊತ್ತಿಗೆ ಮೇಸ್ತ್ರಿ ತೊಲೆಯ ಕೆಳಗೆ ನಿಂತಿದ್ದರು. ಅಳಿಯ ಮೊದಲನೆಯ ಜಾಕಿಯ ತಿರುಪಿಗೆ ಸಲಾಕೆ ಹಾಕಿದ್ದ. ಚಿಕ್ಕಮ್ಮ ಮತ್ತು ಟೇಲರ್ ಹೊಸಲಿನ ಆಚೆ.

“ಮೇಸ್ತ್ರಿ,” ಅಂದೆ.

ಕೇಳಿಸಲಿಲ್ಲ. ನನಗೇ ಸರಿಯಾಗಿ ಕೇಳಿಸಲಿಲ್ಲ. ಮೊದಲನೆಯ ಜಾಕಿ ಬಿಡಿಸಿಕೊಂಡು ಬಂತು. ಅಳಿಯ ಅದನ್ನು ಗೋಡೆಗೆ ಒರಗಿಸಿ ಎರಡನೆಯದಕ್ಕೆ ಹೋದ.

“ಮೇಸ್ತ್ರಿ.”

“ಏನೇ ಅದು, ಕಾಲಡಿ ನಿಂತಿದ್ದೀ?” ಅಂದಳು ಚಿಕ್ಕಮ್ಮ. “ಬಕೆಟ್ಟು ಈಚೆ ತಗೊಂಡು ಬಾ. ಅವರಿಗೆ ಜಾಗ ಬಿಡು.”

ಎಲ್ಲರೂ ನನ್ನನ್ನು ನೋಡಿದರು. ಶಾಲೆಯಲ್ಲೂ ಹೀಗೇ ಆಗುತ್ತಿತ್ತು. ಎದ್ದು ನಿಂತರೆ ಗೊತ್ತಿದ್ದ ಪಾಠವೂ ಬಾಯಿಗೆ ಬರುತ್ತಿರಲಿಲ್ಲ. ಎರಡನೆಯ ಜಾಕಿ ಕಿರ್ ಎಂದು ಒಂದು ಸುತ್ತು ತಿರುಗಿತು. ಬಕೆಟ್ಟನ್ನು ನೆಲಕ್ಕಿಟ್ಟೆ. ಗೋಡೆಯ ಹತ್ತಿರ ಹೋಗಿ ಗಾಜಿನ ಅಂಚಿಗೆ ಉಗುರು ಕೊಟ್ಟು ಎಬ್ಬಿಸಿದೆ. ಬಲ ಹಾಕಬೇಕಾಗಲಿಲ್ಲ. ಒಡೆಯದೆ, ಇಡಿಯಾಗಿ, ಎರಡು ತುದಿಯ ಪಿಒಪಿಯ ಸಮೇತ ಕಳಚಿಕೊಂಡು ಬಂತು. ಅದನ್ನು ಒಯ್ದು ಮೇಸ್ತ್ರಿಯ ಅಂಗೈಯಲ್ಲಿ ಇಟ್ಟೆ.

ಮೇಸ್ತ್ರಿ ಅದನ್ನು ತಿರುಗಿಸಿ ನೋಡಿದರು. ಹಿಂದೆ ಎಣ್ಣೆ ಬಣ್ಣದ ಎರಡು ಸಿಪ್ಪೆಗಳು ನುಣ್ಣಗೆ ಅಂಟಿದ್ದವು.

“ಕೈ ತೆಗಿ ಅಳಿಯಾ,” ಅಂದರು. ದನಿ ಏರಿಸಲಿಲ್ಲ. “ತಿರುಗಿಸ್ಬೇಡ. ವಾಪಸ್ ಬಿಗಿ ಮಾಡು, ಮೆತ್ತಗೆ. ಆಮೇಲೆ ಆ ಜಾಕಿ ತಂದು ಅದೇ ಜಾಗಕ್ಕೆ ನಿಲ್ಸು.”

ಅಳಿಯ ಬಿಗಿ ಮಾಡುವಾಗ ತೊಲೆಯ ತುದಿಯಿಂದ ಒಂದು ಹಿಡಿ ಮರಳು ಸರ್ರನೆ ಇಳಿದು ಅವನ ಹೆಗಲ ಮೇಲೆ ಬಿತ್ತು. ಮೊದಲನೆಯ ಜಾಕಿಯನ್ನು ಮತ್ತೆ ನಿಲ್ಲಿಸಿ ಬಿಗಿಯುವ ತನಕ ಮೇಸ್ತ್ರಿ ತೊಲೆಯ ಕೆಳಗಿನಿಂದ ಕದಲಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

“ಇದನ್ನ ಹಾಕಿದ್ದು ಯಾರು?”

“ನಾನು.”

“ಯಾವಾಗ?”

“ಒಂಬತ್ತನೇ ದಿನ.”

“ನಾನು ಇಟ್ಟಿದ್ದು?”

“ಒಡೆದಿತ್ತು. ಏಣಿ ತಾಗಿತು ಅಂದ್ಕೊಂಡೆ.” ಆಮೇಲೆ ಉಳಿದದ್ದೂ ಬಂತು, ಒಂದರ ಮೇಲೊಂದು, ಮರಳು, ಬಾಗಿಲು, ಪೆನ್ಸಿಲಿನ ಏಳರ ಬಾಲ ಕೂಡ. ನಾನು ಅಷ್ಟು ಮಾತು ಒಟ್ಟಿಗೆ ಆಡಿದ್ದು ಚಿಕ್ಕಮ್ಮ ಅದೇ ಮೊದಲು ಕೇಳಿದ್ದಿರಬೇಕು. ಬೈಯಲೆಂದು ತೆರೆದ ಬಾಯಿ ತೆರೆದೇ ಇತ್ತು.

ಮೇಸ್ತ್ರಿ ಉಳಿ ತೆಗೆದುಕೊಂಡು ತೊಲೆಯ ತುದಿಯ ಕೆಳಗಿನ ಗಾರೆ ಬಿಡಿಸತೊಡಗಿದರು. ಒಂದು ಮೊಳ ಬಿಡಿಸುವಷ್ಟರಲ್ಲಿ ಇಟ್ಟಿಗೆಗಳ ನಡುವೆ ಮೇಲಿನಿಂದ ಕೆಳಗೆ ನೇರವಾದ ಒಂದು ಸಂದು ಕಾಣಿಸಿತು. ಗೋಡೆ ಕಟ್ಟುವಾಗ ಒಂದು ಸಾಲಿನ ಇಟ್ಟಿಗೆ ಇನ್ನೊಂದರ ಸಂದನ್ನು ಮುಚ್ಚಬೇಕು. ಅಷ್ಟು ನೇರ ಸಂದು ಇದೆಯೆಂದರೆ ಅಲ್ಲಿ ಹಿಂದೆ ಯಾವುದೋ ಕಾಲದಲ್ಲಿ ಬಾಗಿಲಿತ್ತು, ಅದನ್ನು ಆಮೇಲೆ ಯಾರೋ ಮುಚ್ಚಿದ್ದರು. ಮುಚ್ಚಿದ್ದು ಬರೀ ಮಣ್ಣಿನಲ್ಲಿ. ಮೇಸ್ತ್ರಿ ಬೆರಳು ತೂರಿಸಿದರೆ ಅದು ಹಿಟ್ಟಿನ ಹಾಗೆ ಉದುರಿತು. ತೊಲೆಯ ತುದಿ ಅರ್ಧ ಗೋಡೆಯ ಮೇಲೆ, ಅರ್ಧ ಆ ಮಣ್ಣಿನ ಮೇಲೆ ಕೂತಿತ್ತು.

ಟೇಲರ್ ಕೈಯಲ್ಲಿದ್ದ ಚೀಲವನ್ನು ಎದೆಗೊತ್ತಿಕೊಂಡು ಮಹಡಿಯ ಕಡೆ ನೋಡುತ್ತಿದ್ದರು.

“ಇವಳನ್ನ ನಾನು…” ಎಂದು ಶುರು ಮಾಡಿದಳು ಚಿಕ್ಕಮ್ಮ.

“ಗಾಜು ಅವಳದು ಅಕ್ಕಾರೆ,” ಅಂದರು ಮೇಸ್ತ್ರಿ, ಉಳಿ ಕೆಳಗಿಡುತ್ತ. “ಗೋಡೆ ನಂದು. ಗಾರೆ ಬಿಡಿಸಿ ನೋಡ್ದೆ ತೊಲೆ ಕೂರಿಸಿದ್ದು ನಾನು. ನೀವು ಬೇಗ ಅಂದ್ರಿ, ನಾನೂ ಬೇಗ ಅಂದೆ. ಗಾಜಿದೆಯಲ್ಲ, ಅದೇ ಹೇಳತ್ತೆ ಬಿಡು ಅಂತ.”

“ಇಬ್ರೂ ಸೇರಿ ನನ್ನ ತಲೆ ಮೇಲೆ ಕೂರಿಸಿದ್ರಿ ತೊಲೆನ.”

“ಕೂರ್ಲಿಲ್ಲವಲ್ಲ. ಅದಕ್ಕೇ ಮಾತಾಡ್ತಿದ್ದೀವಿ.”

ಆಮೇಲೆ ಮೇಸ್ತ್ರಿ ನನ್ನ ಮುಂದೆ ಅಂಗೈ ಚಾಚಿದರು. “ಕೀಲಿ ಕೊಡು.”

ಬಸ್ಸಿನ ಮಾತನ್ನು ಚಿಕ್ಕಮ್ಮ ಅವತ್ತು ಎತ್ತಲಿಲ್ಲ. ಎತ್ತಿದ್ದರೂ ಅಷ್ಟು ನೋಯುತ್ತಿರಲಿಲ್ಲವೇನೋ. ಸೊಂಟದಿಂದ ಕೀಲಿ ಬಿಚ್ಚಿ ಕೊಟ್ಟೆ.

ಮುಂದಿನ ಎರಡು ವಾರ ಎಲ್ಲರಿಗಿಂತ ಮೊದಲು ಬರುತ್ತಿದ್ದವರು ಮೇಸ್ತ್ರಿ. ನಾನು ಹೋಗುವ ಹೊತ್ತಿಗೆ ಬಾಗಿಲು ತೆರೆದಿರುತ್ತಿತ್ತು. ಅವರು ಮಂಡಿಗೆ ಬಟ್ಟೆ ಸುತ್ತಿಕೊಂಡು ಆ ಗೋಡೆಯ ಎದುರು ಕೂತಿರುತ್ತಿದ್ದರು. ಮುಚ್ಚಿದ ಬಾಗಿಲಿನ ಮಣ್ಣನ್ನೆಲ್ಲ ಬಗೆದು ತೆಗೆದು, ಬುನಾದಿಯಿಂದ ತೊಲೆಯ ತನಕ ಸಿಮೆಂಟಿನಲ್ಲಿ ಹೊಸ ಕಂಬ ಕಟ್ಟಿದರು. ನಾನು ಇಟ್ಟಿಗೆ ನೆನೆಸಿ ಕೊಡುತ್ತಿದ್ದೆ. ಹುಬ್ಬು ಏರಿಸುವುದು, ತಲೆ ಅಲ್ಲಾಡಿಸುವುದು ನಿಂತುಹೋಗಿತ್ತು. ಬೆಕ್ಕು ಎಂದೂ ಅವರು ಕರೆಯುತ್ತಿರಲಿಲ್ಲ. ಇಟ್ಟಿಗೆ ಬೇಕಾದರೆ ಕೈ ಚಾಚುತ್ತಿದ್ದರು ಅಷ್ಟೆ.

ಟೇಲರ್ ಬಾಡಿಗೆ ಮನೆ ಬಿಡಲೇಬೇಕಾಯಿತು. ತಂಗಿಯ ಮನೆಯ ಒಂದು ಕೋಣೆಯಲ್ಲಿ ನಾಲ್ಕು ಜನ ಇದ್ದಾರೆಂದು ಚಿಕ್ಕಮ್ಮ ಹೇಳಿದಳು. ಅವರ ಮೇಜು ನಮ್ಮ ಅಂಗಳದಲ್ಲೇ ಉಳಿಯಿತು. ಗಾಳಿಗೆ ಟಾರ್ಪಾಲು ಪಟಪಟ ಬಡಿದುಕೊಂಡಾಗೆಲ್ಲ ನಾನು ಹೋಗಿ ಅದರ ಮೂಲೆಗಳ ಮೇಲೆ ಇಟ್ಟಿಗೆ ಇಡುತ್ತಿದ್ದೆ.

ಕಂಬದ ಕೊನೆಯ ಸಾಲು ಕಟ್ಟುವ ದಿನ, ಅಳಿಯ ಮರಳು ತರಲು ಹೋಗಿದ್ದಾಗ, ಮೇಸ್ತ್ರಿ ಕರಣೆ ಒರೆಸುತ್ತ ಕೇಳಿದರು:

“ಏಣಿ ನಿಜವಾಗ್ಲೂ ತಾಗಿತ್ತಾ?”

“ಗೊತ್ತಿಲ್ಲ.”

“ಸದ್ದು?”

“ಕೇಳ್ಲಿಲ್ಲ.”

“ಮತ್ತೆ?”

ಇಟ್ಟಿಗೆಯನ್ನು ನೀರಿನೊಳಗೆ ಒತ್ತಿ ಹಿಡಿದಿದ್ದೆ. ಗುಳ್ಳೆಗಳು ಮೇಲೆ ಬರುತ್ತಿದ್ದವು. “ಏನಾದ್ರೂ ಒಡೆದಿದ್ರೆ ನಾನೇ ಒಡೆದಿರ್ತೀನಿ ಅನ್ಸತ್ತೆ.”

ಅವರು ಕರಣೆಯನ್ನು ಕೆಳಗಿಟ್ಟರು.

“ಈ ಮನೆಗೆ ಎಪ್ಪತ್ತು ವರ್ಷ ಆಗಿರ್ಬೇಕು. ಒಡೆಯೋದು ಬಿರಿಯೋದು ಅದರ ಪಾಡಿಗೆ ಅದು ಮಾಡ್ಕೊಳ್ಳತ್ತೆ. ಎಲ್ಲಾನೂ ನೀನೇ ಒಡೆಯೋಕೆ ನಿಂಗೆ ಅಷ್ಟು ಕಸುವು ಎಲ್ಲಿದೆ?” ಆಮೇಲೆ, “ಒಡೆದವರು ಯಾರು ಅಂತ ನಾನು ಕೇಳಿರ್ಲಿಲ್ಲ. ಒಡೆದಿದ್ಯಾ ಅಂತ ಕೇಳಿದ್ದೆ.”

ಆ ಸಂಜೆ ಡಬ್ಬಿ ತೆರೆದು ನನ್ನ ಮುಂದಿಟ್ಟರು. “ಕೆರಿ.”

ಕೆರೆದೆ. ಬಣ್ಣ ಹೋಯಿತು, ಸುಣ್ಣ ಹೋಯಿತು, ಗಾರೆ ಹೋಯಿತು, ಇಟ್ಟಿಗೆಯ ಕೆಂಪು ಕಂಡಿತು. ಹಳೆಯ ಗೋಡೆಗೂ ಹೊಸ ಕಂಬಕ್ಕೂ ಅಡ್ಡವಾಗಿ ಗಾಜಿಟ್ಟು ಪಿಒಪಿ ಮೆತ್ತಿದೆ. ತಾರೀಕು ನೀನೇ ಬರಿ ಅಂದರು. ನನ್ನ ಅಕ್ಷರದಲ್ಲೇ ಬರೆದೆ. ಕೀಲಿಯನ್ನು ಕಿಟಕಿಯ ಮೇಲಿಟ್ಟು ಹೋದರು.

ಮತ್ತೆ ದಿನಗಳನ್ನು ಎಣಿಸತೊಡಗಿದೆವು. ಮೊದಲನೆಯ ವಾರ ಜಾಕಿ ಸಡಿಲಿಸಿದರು, ಗಾಜು ಉಳಿಯಿತು. ಎರಡನೆಯ ವಾರ ಸಡಿಲಿಸಿದರು, ಉಳಿಯಿತು. ಮೇಲಿನ ಬಾಗಿಲನ್ನು ಅಳಿಯ ಕೆತ್ತಿ ಸರಿ ಮಾಡಿದ್ದ, ಅದು ಒಂದು ಬೆರಳಿಗೆ ತೆರೆಯುತ್ತಿತ್ತು. ಟೇಲರ್ ಹದಿನೆಂಟನೆಯ ದಿನ ಬಂದು ಮೇಜಿನ ಕಾಲುಗಳಿಗೆ ಎಣ್ಣೆ ಹಚ್ಚಿ ಹೋದರು. ಮಕ್ಕಳಿಬ್ಬರೂ ತಂಗಿಯ ಮಕ್ಕಳ ಜೊತೆ ದಿನಾ ಜಗಳವಂತೆ.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಗಾಜು ನೋಡಿದೆ. ಸರಿಯಾಗಿತ್ತು. ಆಮೇಲೆ ಉದ್ದ ಕೋಲಿನ ಪೊರಕೆ ಹಿಡಿದು ಮೂಲೆಯ ಜೇಡರ ಬಲೆ ತೆಗೆಯುತ್ತಿದ್ದೆ. ಪೊರಕೆ ತಿರುಗಿಸುವಾಗ ಕೋಲಿನ ಹಿಂದಿನ ತುದಿ ಗೋಡೆಯ ಕಡೆ ಹೋಯಿತು. ಟಿಕ್ ಎಂದು ಒಂದು ಸದ್ದು.

ನಡುವೆ ಒಂದು ಗೆರೆ.

ಡಬ್ಬಿ ಕಿಟಕಿಯ ಮೇಲಿತ್ತು. ಪಿಒಪಿ ಚೀಲ ಅದರ ಪಕ್ಕದಲ್ಲಿತ್ತು. ಬಾಗಿಲಿನಿಂದ ಅಂಗಳದ ಮೇಜು ಕಾಣುತ್ತಿತ್ತು. ಎರಡೇ ದಿನ ಉಳಿದಿತ್ತು. ಈ ಸಲ ಕೆರೆಯುವುದು ಹೇಗೆಂದೂ ನನಗೆ ಗೊತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂತೆ.

ಮೇಸ್ತ್ರಿ ಬಂದರು, ಅವರ ಹಿಂದೆ ಅಳಿಯ. ಸ್ವಲ್ಪ ಹೊತ್ತಿಗೆ ಚಿಕ್ಕಮ್ಮ ಟೇಲರ್ ಜೊತೆ ಮಾತಾಡುತ್ತ ಒಳಗೆ ಬಂದಳು. ಅಷ್ಟು ಜನರ ಮುಂದೆ ಎದ್ದು ನಿಂತೆ.

“ಗಾಜು ಒಡೆದಿದೆ,” ಅಂದೆ. “ನಾನು ಬಂದಾಗ ಸರಿಯಿತ್ತು. ಪೊರಕೆ ಕೋಲು ಆ ಕಡೆ ಹೋಯ್ತು, ಸದ್ದು ಕೇಳ್ತು. ಕೋಲು ತಾಗಿದ್ದು ಕಣ್ಣಾರೆ ನೋಡ್ಲಿಲ್ಲ.”

ಚಿಕ್ಕಮ್ಮ ಹಣೆಗೆ ಕೈಯಿಟ್ಟುಕೊಂಡಳು. “ಬಸ್ಸಿನ ಟಿಕೆಟ್ ಅಲ್ಲ, ಬಸ್ಸೇ ಕೊಡಿಸ್ಬೇಕು ಇವಳಿಗೆ.”

ಮೇಸ್ತ್ರಿ ಗೋಡೆಯ ಬುಡ ನೋಡಿದರು. ತೂಗುಗುಂಡು ಬಿಟ್ಟು ಕಂಬ ನೆಟ್ಟಗಿದೆಯೇ ನೋಡಿದರು. ಮಂಡಿ ಹಿಡಿದುಕೊಂಡು ಮಹಡಿ ಹತ್ತಿದರು, ಮೇಲಿನ ಬಾಗಿಲು ತೆರೆದು ಮುಚ್ಚಿದ ಸದ್ದು ಎರಡು ಸಲ ಕೇಳಿಸಿತು. ಇಳಿದು ಬಂದರು.

“ಗೋಡೆ ಅಲ್ಲ ಅನ್ಸತ್ತೆ. ಕೋಲೇ ಇರ್ಬೇಕು.”

“ಹಾಗಾದ್ರೆ ಇನ್ನೆರಡು ದಿನ ಅಷ್ಟೇ ತಾನೇ?” ಅಂದಳು ಚಿಕ್ಕಮ್ಮ.

ಮೇಸ್ತ್ರಿ ನನ್ನ ಕಡೆ ನೋಡಿದರು. ಹುಬ್ಬು ಏರಿಸಿದರು.

ನಾನು ತಲೆ ಅಲ್ಲಾಡಿಸಲಿಲ್ಲ. “ಅನ್ಸತ್ತೆ ಅಂದ್ರೆ ಗೊತ್ತಾದ ಹಾಗಲ್ಲ,” ಅಂದೆ. “ಮೊದ್ಲಿಂದ ಎಣಿಸ್ಬೇಕು.”

ಟೇಲರ್ ಅಂಗಳದ ಮೇಜಿನ ಕಡೆ ಒಮ್ಮೆ ನೋಡಿದರು, ತೊಲೆಯ ಕಡೆ ಒಮ್ಮೆ, ಆಮೇಲೆ ಮಹಡಿಯ ಕಡೆ. “ಎಷ್ಟು ದಿನ?” ಎಂದು ಕೇಳಿದರು. ಕೇಳಿದ್ದು ಚಿಕ್ಕಮ್ಮನನ್ನಲ್ಲ, ಮೇಸ್ತ್ರಿಯನ್ನೂ ಅಲ್ಲ.

“ಇಪ್ಪತ್ತೊಂದು.”

ಅವರು ಅಂಗಳಕ್ಕೆ ಹೋಗಿ ಟಾರ್ಪಾಲನ್ನು ಎಳೆದು, ಅದರ ಹಗ್ಗವನ್ನು ಈ ಸಲ ಎರಡು ಗಂಟು ಹಾಕಿ ಬಿಗಿದರು.

“ನಿಂತಿದ್ದೀಯಲ್ಲ ಬೆಕ್ಕೇ,” ಅಂದರು ಮೇಸ್ತ್ರಿ. “ಕೆರಿ.”

ಮಾರನೆಯ ದಿನ ಬೀಗ ತೆಗೆದು, ಚಪ್ಪಲಿ ಬಿಟ್ಟು, ಗಾಜು ನೋಡಿದೆ. ಆಮೇಲೆ ಮನೆಯೆಲ್ಲ ಗುಡಿಸಿದೆ. ಆ ಗೋಡೆಯ ಬುಡದಲ್ಲಿ ಮಾತ್ರ ಒಂದು ಗೇಣು ಅಗಲ ಪೊರಕೆ ತಾಗಿಸದೆ ಬಿಟ್ಟೆ. ಅದನ್ನು ಮೇಸ್ತ್ರಿ ಬಂದು ನೋಡಿದ ಮೇಲೆ ಗುಡಿಸಿದರಾಯಿತು.